ಬರಿಗೈ ಏರಿ

ಇನ್ನಾಸಿಕೊಪ್ಪಲಿನಲ್ಲಿ ಬಸ್ಸಿಳಿದು, ಸಂತ ಅಂತೋಣಿಯವರ ಗುಡಿಯನ್ನು ಬಲಕ್ಕೆ ಬಿಟ್ಟು ನಡೆದರೆ ಮೊದಲು ಕಣ್ಣಿಗೆ ಬೀಳುವುದು ಕೆರೆಯಲ್ಲ, ಈಚಲು ಮರಗಳ ದಟ್ಟ ಸಾಲು. ಏರಿಯ ಈ ತುದಿಯಿಂದ ಆ ತುದಿಯವರೆಗೆ ಹೆಗಲಿಗೆ ಹೆಗಲು ತಾಗಿಸಿ ನಿಂತ ಆ ಮರಗಳ ನಡುವೆ ನುಸುಳಿ ಮೇಲೇರಿದವರಿಗೆ ಒಮ್ಮೆಗೇ ನೀರು ಕಾಣುತ್ತದೆ. ಅಷ್ಟು ನೀರನ್ನು ಅಷ್ಟು ಹತ್ತಿರದಲ್ಲಿ ಕಂಡು ಮಾತು ಮರೆಯದವರು ಕಡಿಮೆ. ಸರ್ಕಾರದ ಫಲಕದಲ್ಲಿ ದೊಡ್ಡಕೆರೆ ಎಂದಿದೆ. ಊರವರ ಬಾಯಲ್ಲಿ ಮಾತ್ರ ಇದು ಬರಿಗೈ ಏರಿ. ಈಚಲ ಹಣ್ಣನ್ನು ಯಾರು ಬೇಕಾದರೂ ಆಯ್ದು ತಿನ್ನಬಹುದು, ಒಣಗಿ ತಾನಾಗಿ ಜೋತ ಗರಿಯಿಂದ ಪೊರಕೆ ಕಟ್ಟಬಹುದು. ಹಸಿ ಗರಿಗೆ ಇಲ್ಲಿ ಯಾರೂ ಕುಡುಗೋಲು ತಾಗಿಸುವುದಿಲ್ಲ. ತಾಗಿಸಿದವನಿಗೆ ಶಾಪವೇನೂ ತಟ್ಟುವುದಿಲ್ಲವಂತೆ, ಆದರೆ ಊರಿನ ಹೆಂಗಸರ ಬಾಯಿಂದ ಅವನು ಬದುಕಿ ಬರುವುದು ಕಷ್ಟ.

ಹಿಂದೆ ಒಮ್ಮೆ, ಗುಡಿಗೆ ಇನ್ನೂ ಹುಲ್ಲಿನ ಮಾಡು ಇದ್ದ ಕಾಲದಲ್ಲಿ, ಈ ಊರಿನಲ್ಲಿ ಸಂದ್ಯಾಗಪ್ಪ ಎಂಬವನಿದ್ದನು ಎನ್ನುತ್ತಾರೆ. ಅವನ ಮನೆಗೆ ಗರಿಮನೆ ಎಂದು ಹೆಸರು. ಯೇಸುಸ್ವಾಮಿ ಕತ್ತೆಯೇರಿ ಜೆರುಸಲೇಮಿಗೆ ಬಂದಾಗ ಜನರು ಗರಿ ಹಿಡಿದು ಎದುರುಗೊಂಡರಲ್ಲ, ಅದರ ನೆನಪಿಗೆ ಪಾಸ್ಕಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಭಾನುವಾರ ಗರಿಗಳ ಹಬ್ಬ ನಡೆಯುತ್ತದೆ. ಆ ಹಬ್ಬಕ್ಕೆ ಏರಿಯ ಈಚಲಿನಿಂದ ಗರಿ ಕೊಯ್ದು ತಂದು, ಮೊದಲನೆಯದನ್ನು ಗುಡಿಯ ಪಾದ್ರಿ ಸ್ವಾಮಿಯವರ ಕೈಗಿತ್ತು, ಎರಡನೆಯದನ್ನು ತಾನು ಹಿಡಿದು ಮೆರವಣಿಗೆಯ ಮುಂದೆ ನಡೆಯುವ ಹಕ್ಕು ತಲೆತಲಾಂತರದಿಂದ ಗರಿಮನೆಯದು. ಗಂಡ ಹೊಲವಿಲ್ಲದೆ ಬದುಕಿಯಾನು, ಆ ಒಂದು ಬೆಳಗಿಲ್ಲದೆ ಬದುಕಲಾರ ಎಂದು ಅವನ ಹೆಂಡತಿ ಮದಲೇನಮ್ಮ ನಗೆಯಾಡುತ್ತಿದ್ದಳಂತೆ. ಅದು ನಗೆಯ ಮಾತಾದರೂ ನಿಜವೇ ಆಗಿತ್ತು.

ಹಳಬರ ಕಾಲದಲ್ಲಿ ಮರದ ಕೆಳಗಿನ ಒಂದೆರಡು ಹಸಿರು ಗರಿ ಕೊಯ್ದರೆ ಹಬ್ಬ ಮುಗಿಯುತ್ತಿತ್ತು. ಬಿಸಿಲು ತಾಗದೆ ನೆತ್ತಿಯೊಳಗೆ ಅಡಗಿರುವ ಸುಳಿ ಬೆಣ್ಣೆಯಂತೆ ಬೆಳ್ಳಗಿರುತ್ತದೆ, ಅದರಲ್ಲಿ ಹೆಣೆದ ಶಿಲುಬೆಯ ಅಂದವೇ ಬೇರೆ ಎಂದು ಯಾರು ಕಂಡುಹಿಡಿದರೋ ತಿಳಿಯದು. ಮೊದಲು ಸ್ವಾಮಿಯವರಿಗೆ ಮಾತ್ರ ಸುಳಿ ಬಂತು. ಆಮೇಲೆ ಊರ ಹಿರಿಯರಿಗೆ, ಅದರಾಚೆ ಮನೆಮನೆಗೆ. ಕರ್ತರಿಗೆ ಕೊಡುವುದು ಎಳೆಯದಿರಬೇಕು, ಬೆಳ್ಳಗಿರಬೇಕು ಎಂಬುದು ಎಲ್ಲರ ಆಸೆ. ಪಕ್ಕದ ಮನೆಯ ಶಿಲುಬೆಗಿಂತ ಒಂದು ಕೈ ಹೆಚ್ಚೇ ಬೆಳ್ಳಗಿರಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಆಸೆ. ಸುಳಿ ಬಗೆದ ಈಚಲು ಬದುಕದು ಎಂಬುದು ಅಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಬಗೆದರು. ದೇವರಿಗಾಗಿ ಸತ್ತ ಮರಕ್ಕೂ ಒಂದು ಪುಣ್ಯವಿದ್ದೀತು ಎಂದು ಸಮಾಧಾನ ಮಾಡಿಕೊಂಡರು. ಸಂದ್ಯಾಗಪ್ಪ ಯಾರಿಗೂ ಇಲ್ಲವೆನ್ನದ ಮನುಷ್ಯ. ಹೀಗಾಗಿ ಏರಿ ಬೋಳಾದದ್ದು ಅವನ ಕೈಯಿಂದಲೇ. ಕೊನೆಗೆ ಬಡಗಣ ತುದಿಯಲ್ಲಿ ಒಂದು ಗುಂಪು ಈಚಲು ಮಾತ್ರ ಉಳಿಯಿತು.

ಆ ವರ್ಷದ ಹಿಂಗಾರು ಬಿಡದೆ ಸುರಿಯಿತು. ಕೆರೆ ಕೋಡಿಯ ಮಟ್ಟಕ್ಕೆ ಬಂದಾಗ ಏರಿಯ ನಡುಭಾಗದಲ್ಲಿ, ಊರಿನ ಕಡೆಯ ಮಗ್ಗುಲಿನಿಂದ ಕೆಮ್ಮಣ್ಣು ನೀರು ಚಿಮ್ಮತೊಡಗಿತು. ಕೆಳಗೆ ಊರು, ಊರಿನಲ್ಲಿ ತೊಟ್ಟಿಲ ಕೂಸುಗಳು. ಸಂದ್ಯಾಗಪ್ಪ ಮುನ್ನುಗ್ಗಿ ಆ ತೂತಿನೊಳಗೆ ತೋಳು ತೂರಿಸಿದನು. ಕೈಗೆ ಸಿಕ್ಕಿದ್ದು ಕೊಳೆತ ಬೇರು. ಎಳೆದಂತೆಲ್ಲ ಹಿಡಿಹಿಡಿಯಾಗಿ ಬಂತು. ತಲೆಯೆತ್ತಿ ನೋಡಿದರೆ ಮೇಲಿದ್ದ ಮೋಟು ಅವನದೇ ಗುರುತಿನದು. ಮಗಳು ಮೊದಲ ಸಲ ಪರಮಪ್ರಸಾದ ಪಡೆದ ವರ್ಷ ಅವಳ ಶಿಲುಬೆಗೆಂದೇ ಬಗೆದ ಮರ. ಮರ ಸತ್ತು ಬೇರು ಕೊಳೆತ ದಾರಿಯಲ್ಲೇ ಕೆರೆ ಊರಿಗೆ ಇಳಿಯುತ್ತಿತ್ತು. ಊರಿಗೆ ಊರೇ ಹುಲ್ಲು, ಜೇಡಿಮಣ್ಣು, ಮನೆಯ ಕದ ಎಲ್ಲವನ್ನೂ ತಂದು ತುರುಕಿತು. ಸ್ವಾಮಿಯವರು ನಿಲುವಂಗಿ ಎತ್ತಿಕಟ್ಟಿ ಮಣ್ಣು ಹೊತ್ತರು. ಏರಿ ಅಂತೂ ನಿಂತಿತು.

ಎಲ್ಲರೂ ಮನೆಗೆ ಹೋದ ಮೇಲೆ ಸಂದ್ಯಾಗಪ್ಪ ಬಡಗಣ ತುದಿಗೆ ನಡೆದನು. ಅಲ್ಲಿ ಒಂದು ಹನಿಯೂ ಜಿನುಗಿರಲಿಲ್ಲ. ಮಳೆಗೆ ಮೇಲ್ಮಣ್ಣು ತೊಳೆದುಹೋಗಿ ಉಳಿದ ಈಚಲುಗಳ ಬೇರು ಹೊರಗೆ ಕಾಣುತ್ತಿತ್ತು. ಒಂದರ ಬೇರು ಇನ್ನೊಂದರೊಳಗೆ ಹೆಣೆದುಕೊಂಡು, ಕೂಸನ್ನು ಸೊಂಟಕ್ಕೆ ಅವುಚಿಕೊಂಡ ಹಾಗೆ ಮಣ್ಣನ್ನು ಹಿಡಿದಿತ್ತು. ಆಚೆ ಅಷ್ಟು ದೊಡ್ಡ ನೀರು, ಈಚೆ ಅಷ್ಟು ಸಣ್ಣ ಊರು. ಜೀವಮಾನವಿಡೀ ಮರದ ನೆತ್ತಿಯನ್ನೇ ನೋಡಿದವನು ಅಂದು ಮೊದಲ ಸಲ ಅದರ ಬುಡವನ್ನು ನೋಡಿದನು. ಗುಡಿಯೊಳಗೆ ಹೋದವನಂತೆ ತಲೆವಸ್ತ್ರ ತೆಗೆದು, ಕೆಸರಿನಲ್ಲೇ ಮೊಣಕಾಲೂರಿದನು.

ಪಾಸ್ಕಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಬಂದಾಗ ಸ್ವಾಮಿಯವರ ಬಳಿ ಹೋಗಿ, “ಈ ಸಲ ಗರಿ ಕುಯ್ಯಾಕಿಲ್ಲ ಸ್ವಾಮ್ಯೋರೆ” ಎಂದನು.

“ಗರಿಯಿಲ್ಲದೆ ಗರಿಗಳ ಹಬ್ಬವೇ ಸಂದ್ಯಾಗಪ್ಪ? ಸುಳಿ ಬೇಡ, ಹಸಿರು ಗರಿ ನಾಲ್ಕು ತಂದರೆ ಸಾಕು.”

“ನಾಕು ಅಂತಾನೇ ಅಲ್ವಾ ಇದು ಸುರುವಾದದ್ದು? ಏರಿ ಕಾಯೋಕೆ ದ್ಯಾವ್ರು ನಿಲ್ಸಿದ್ ಆಳುಗಳ ತಲೆ ತಗ್ದು ದ್ಯಾವ್ರ ಕೈಗೇ ಕೊಟ್ಟಿವ್ನಿ. ಇನ್ನ ಇಸ್ಕೊಳಾಕೆ ಅವ್ರಿಗೂ ಮನ್ಸು ಬರಾಕಿಲ್ಲ.”

“ನಿನ್ನ ಮನೆಯ ಹಕ್ಕು ಹೋಗುತ್ತದಲ್ಲ?”

“ಹೋಗ್ಲಿ ಬುಡಿ” ಎಂದನು. ಅಷ್ಟು ಹೇಳಿ ಮನೆಗೆ ಬಂದವನು ಅತ್ತನಂತೆ. ಮದಲೇನಮ್ಮ ಹತ್ತಿರ ಕುಳಿತು, “ಹಬ್ಬದ್ ದಿವ್ಸ ಕೈಯ ಎಲ್ಲಿ ಮಡಿಕತೀಯ?” ಎಂದು ಕೇಳಿದಳು. “ಗೊತ್ತಿಲ್ಲ ಕನಮ್ಮಿ” ಎಂದನು.

ಹಬ್ಬದ ಬೆಳಿಗ್ಗೆ ಊರು ಏರಿಯ ಮೇಲೆ ಸೇರಿತು. ಗರಿಮನೆ ಕೈಬಿಟ್ಟರೇನು, ನಾವೇ ಕೊಯ್ಯುತ್ತೇವೆ ಎಂದು ಕೆಲವರು ಕುಡುಗೋಲು ತಂದಿದ್ದರು. ಎಲ್ಲರಿಗಿಂತ ಹಿಂದೆ ಬಂದ ಸಂದ್ಯಾಗಪ್ಪ ಅವರನ್ನು ದಾಟಿ, ಉಳಿದ ಮರಗಳ ಮುಂದೆ ನಿಂತು ಎರಡೂ ಬರಿಗೈಗಳನ್ನು ಮೇಲೆತ್ತಿದನು. ಈಚಲ ಮುಳ್ಳು ಚುಚ್ಚಿ ಚುಚ್ಚಿ ಅಂಗೈ ತುಂಬ ಕಲೆ. ಸ್ವಾಮಿಯವರು ಆ ಕೈಗಳನ್ನು ಬಹಳ ಹೊತ್ತು ನೋಡಿ, ಪಕ್ಕಕ್ಕೆ ಬಂದು ನಿಂತು, ತಾವೂ ಬರಿಗೈ ಎತ್ತಿ ಹೊಸನ್ನ ಎಂಬ ಜಯಗೀತೆ ಹಾಡಿದರು. ಒಂದು ಎಲೆಯೂ ಅಲುಗದ ಬೆಳಗು ಅದು. ಹಾಡಿನ ಎರಡನೆಯ ಸಾಲಿಗೆ ನೀರಿನ ಮೇಲೆ ನಿರಿಗೆ ಎದ್ದು, ಗಾಳಿ ಏರಿಗೆ ಬಂದು, ಅಷ್ಟೂ ಈಚಲು ಒಟ್ಟಿಗೆ ಬಾಗಿ ಜನರ ತಲೆಯ ಮೇಲೆ ಗರಿ ಬೀಸಿದವು ಎನ್ನುತ್ತಾರೆ. ಆ ಸದ್ದಿನಲ್ಲಿ ಮನುಷ್ಯರ ಹಾಡು ಕೇಳಿಸಲೇ ಇಲ್ಲವಂತೆ. ಗಾಳಿ ಬಂತು ಅಷ್ಟೆ, ಅದರಲ್ಲೇನು ಎನ್ನುವವರೂ ಇದ್ದಾರೆ. ಇರಲಿ. ಅಲ್ಲಿದ್ದವರು ಮಾತ್ರ ಕುಡುಗೋಲನ್ನು ಕೆಳಗಿಟ್ಟು ಕೈ ಎತ್ತಿದರು.

ಸುತ್ತಿನ ಹಳ್ಳಿಯವರು ಬಿಟ್ಟಾರೆಯೇ? ಹಬ್ಬಕ್ಕೆ ಒಂದು ಗರಿಗೂ ಗತಿಯಿಲ್ಲದ ಬರಿಗೈಯವರು ಎಂದು ಸಂತೆಯಲ್ಲಿ ಆಡಿಕೊಂಡರು. ಹಾಗೆ ಹಾಸ್ಯಕ್ಕೆ ಕರೆದ ಹೆಸರೇ ಏರಿಗೆ ಅಂಟಿತು. ಊರವರು ಅದನ್ನು ಒರೆಸಿಕೊಳ್ಳಲೂ ಇಲ್ಲ. ಸಂದ್ಯಾಗಪ್ಪ ಬೋಳಾದ ಏರಿಯ ಉದ್ದಕ್ಕೂ ಈಚಲ ಬೀಜ ಊರಿದನು. ಅವು ಏರಿಯನ್ನು ತುಂಬಿದ್ದನ್ನು ಕಂಡವರು ಅವನ ಮೊಮ್ಮಕ್ಕಳು.

ಮರುವರ್ಷ ಬೂದಿ ಬುಧವಾರ ಬಂದಾಗ ಸ್ವಾಮಿಯವರಿಗೆ ಹೊಸ ಪೇಚು. ಹಿಂದಿನ ಹಬ್ಬದ ಗರಿಯನ್ನು ಸುಟ್ಟು ಆ ಬೂದಿಯನ್ನು ಹಣೆಗಿಡುವುದು ಕ್ರಮ. ಸುಡಲು ಗರಿಯೇ ಇಲ್ಲ. ಬರಿದಾದ ತಟ್ಟೆಯನ್ನು ಕಂಡ ಸಂದ್ಯಾಗಪ್ಪ ಎದ್ದು ಹೋಗಿ, ಏರಿ ಜಿನುಗಿದ ಜಾಗದಿಂದ ಒಂದು ಹಿಡಿ ಹಸಿ ಕೆಮ್ಮಣ್ಣು ತಂದು ಅದರಲ್ಲಿಟ್ಟನು. ಸ್ವಾಮಿಯವರು ಆ ಮಣ್ಣನ್ನು ಮೊದಲು ಅವನ ಹಣೆಗೇ ಇಟ್ಟರು. ಇಂದಿಗೂ ಆ ಬುಧವಾರ ಅಲ್ಲಿಗೆ ಹೋದವರು ಹಣೆಯ ಮೇಲೆ ಕೆಂಪು ಶಿಲುಬೆ ಹೊತ್ತ ಜನ ಏರಿಯ ಮೇಲೆ ಸಾಲಾಗಿ ಮನೆಗೆ ಹೋಗುವುದನ್ನು ಕಾಣಬಹುದು. ಮನುಷ್ಯ ಮಣ್ಣು ಎಂದು ಬೇರೆ ಊರುಗಳಲ್ಲಿ ಬೂದಿಯಿಟ್ಟು ಹೇಳಿ ಕಳುಹಿಸುತ್ತಾರೆ; ಇಲ್ಲಿ ಯಾವ ಮಣ್ಣು ಎಂಬುದನ್ನೂ ತೋರಿಸುತ್ತಾರೆ.