ಅಧ್ಯಕ್ಷರ ಮನೆಯ ಮೊದಲ ಪೊಟ್ಟಣ

ನೇಕಾರರ ಉಳಿತಾಯ ಸಂಘದಲ್ಲಿ ಒಂದು ಪದ್ಧತಿಯಿತ್ತು. ಸಂಘದ ರೊಕ್ಕ ಯಾವ ಕಂಪನಿಯಲ್ಲಿದೆಯೋ, ಆ ಕಂಪನಿಯ ಸರಕನ್ನು ಯುಗಾದಿಗೆ ಸದಸ್ಯರ ಮನೆಮನೆಗೂ ಹಂಚಬೇಕು. ಮೊದಲ ಪೊಟ್ಟಣ ಅಧ್ಯಕ್ಷರ ಮನೆಗೆ. ಇಷ್ಟು ವರ್ಷ ರೊಕ್ಕ ಬಿಸ್ಕತ್ತು ಕಂಪನಿಯಲ್ಲಿತ್ತು.

ಈ ಸಲ ಅಧ್ಯಕ್ಷ ಗುರುಬಸಪ್ಪನವರು ಮೇಜು ಗುದ್ದಿದರು. "ಬಿಸ್ಕತ್ತಿನಾಗ ಏನೈತಿ? ತಂಬಾಕು ಕಂಪನಿ ಎರಡು ಪಟ್ಟು ಲಾಭ ಕೊಡ್ತೈತಿ. ಪಾಪ-ಪುಣ್ಯ ಗುಡಿಯಾಗ ಇರಲಿ. ರೊಕ್ಕ ಅಲ್ಲಿ ಹಾಕಾಕ ಇವತ್ತೇ ಕಾಗದ ಬರಿ!"

ಗುಮಾಸ್ತೆ ನೀಲವ್ವ ಎದುರಾಡಲಿಲ್ಲ. ಕಾಗದ ಬರೆದಳು. ಶಾಲೆ ಬಿಡುವ ಹೊತ್ತು ನೋಡಿಕೊಂಡು ಸಹಿಗೆಂದು ಅಧ್ಯಕ್ಷರ ಮನೆಗೇ ಹೋದಳು.

ಗುರುಬಸಪ್ಪನವರು ಪೆನ್ನು ತೆಗೆಯುವಷ್ಟರಲ್ಲಿ ಆರು ವರ್ಷದ ಮೊಮ್ಮಗಳು ಚೀಲ ಎಸೆದು ಓಡಿಬಂದಳು.

"ನೀಲಕ್ಕಾ, ಈ ಯುಗಾದಿಗೆ ಯಾವ ಬಿಸ್ಕತ್ತು?"

"ನಂಗೇನ್ ಗೊತ್ತವ್ವ? ಈ ಸಲ ನಿಮ್ಮಜ್ಜಾರೇ ಆರಿಸ್ಯಾರ. ಅವರನ್ನೇ ಕೇಳು."

ಹುಡುಗಿ ಅಜ್ಜನ ತೊಡೆ ಏರಿ ಗಲ್ಲ ಹಿಡಿದಳು. "ಹೇಳಜ್ಜಾ, ನಂಗೇನು ಆರಿಸೀದಿ?"

ಪೆನ್ನು ನಿಂತಿತು. ಅಜ್ಜ ಕಾಗದವನ್ನು ಮೆಲ್ಲಗೆ ನಾಲ್ಕು ಮಡಿಕೆ ಮಾಡಿದರು.

"ಬಿಸ್ಕತ್ತೇ, ನಮ್ಮವ್ವಾ. ಮೊದಲಿಂದೇ."

ಅವಳು ಕುಣಿಯುತ್ತ ಒಳಗೆ ಓಡಿದ ಮೇಲೆ ನೀಲವ್ವನತ್ತ ಗುರುಗುಟ್ಟಿದರು. "ಲಾಭ ಕಡಿಮಿ ಯಾಕಂತ ಸದಸ್ಯರು ಕೇಳಿದ್ರ ಏನ್ ಹೇಳಲಿ?"

"ಹೇಳೋದೇನು ಬ್ಯಾಡ್ರಿ," ಎಂದಳು ನೀಲವ್ವ. "ಅವರ ಮನ್ಯಾಗೂ ಮೊಮ್ಮಕ್ಕಳು ಅದಾರ."