ಔಟಾದವನ ಅಪ್ಪ

"ಬುದ್ಧಿ, ದುಡಿದವನು ಒಬ್ಬ, ಹಾರ ಬಿದ್ದದ್ದು ಇನ್ನೊಬ್ಬನ ಕೊರಳಿಗೆ. ಹೀಗಾದಾಗ ದುಡಿದವನಿಗೆ ಸಿಕ್ಕಿದ್ದಾದರೂ ಏನು?"

ಕೇಳಿದವನು ಶಿಷ್ಯ ಚನ್ನವೀರ. ಬೇಸಿಗೆಯಿಡೀ ಬಿಸಿಲಲ್ಲಿ ನಿಂತು ಮಠದ ಕಲ್ಯಾಣಿಯ ಹೂಳು ತೆಗೆಸಿದವನು ಅವನೇ. ಕಲ್ಯಾಣಿಯಲ್ಲಿ ನೀರು ನಿಂತ ಸಂತೋಷಕ್ಕೆ ಹಿಂದಿನ ದಿನ ಸಭೆ ನಡೆದಿತ್ತು, ಹಾರವನ್ನು ಬೇರೆ ಯಾರಿಗೋ ಹಾಕಿದ್ದರು. ಸ್ವಾಮಿಗಳು ಶಿಷ್ಯನ ಮುಖ ನೋಡಿದರು. ಸಭೆ ಮುಗಿದಾಗಿನಿಂದ ಅವನಿಗೆ ಊಟ ಸೇರಿದ ಹಾಗಿರಲಿಲ್ಲ.

"ಕೂತುಕೋ. ಬೇಸ್‌ಬಾಲ್ ಆಟದ ಒಂದು ಕತೆ ಹೇಳುತ್ತೇನೆ."

"ಬೇಸ್‌ಬಾಲೇ ಬುದ್ಧಿ?"

"ಯಾಕೆ, ಕಾವಿ ಉಟ್ಟವನಿಗೆ ಚೆಂಡಾಟ ಗೊತ್ತಿರಬಾರದು ಅಂತ ಎಲ್ಲಾದರೂ ಬರೆದಿದೆಯೇ? ಸುಮ್ಮನೆ ಕೇಳು" ಎಂದು ಸ್ವಾಮಿಗಳು ಶುರು ಮಾಡಿದರು.

ಅಮೆರಿಕ ದೇಶದಲ್ಲಿ, ಈಗ್ಗೆ ನೂರು ವರ್ಷಕ್ಕೂ ಹಿಂದೆ, ಒಬ್ಬ ಕಲ್ಲುಕುಟಿಗನಿದ್ದ. ಅವನಿಗೊಬ್ಬ ಮಗ. ಅಪ್ಪನ ಜೊತೆ ಕಲ್ಲುಗಣಿಗೆ ಇಳಿಯಬೇಕಾದವನು ಹೋಗಿ ಬೇಸ್‌ಬಾಲ್ ತಂಡ ಸೇರಿಬಿಟ್ಟ. ಆ ಕಾಲಕ್ಕಾಗಲೇ ಅಲ್ಲಿ ಆಟವನ್ನೇ ಕಸುಬು ಮಾಡಿಕೊಂಡ ತಂಡಗಳಿದ್ದವು. ಸಂಬಳ ಕೊಟ್ಟು ಆಡಿಸುತ್ತಿದ್ದರು, ರೈಲಿನಲ್ಲಿ ಊರೂರಿಗೆ ಕರೆದೊಯ್ಯುತ್ತಿದ್ದರು. ಅಪ್ಪನಿಗೆ ಇದು ಸುತರಾಂ ಹಿಡಿಸಲಿಲ್ಲ. "ಕೋಲು ಹಿಡಿದು ಚೆಂಡಿಗೆ ಹೊಡೆಯುವುದೂ ಒಂದು ಬಾಳುವೆಯೇ?" ಎಂದವನು ಅಂದಿನಿಂದ ಮಗನ ಜೊತೆ ಮಾತು ಬಿಟ್ಟ. ಚಳಿಗಾಲಕ್ಕೆ ಮಗ ಮನೆಗೆ ಬಂದರೆ ಇಬ್ಬರೂ ಎದುರುಬದುರು ಕೂತು ಉಣ್ಣುವರು, ಉಪ್ಪು ಬೇಕಾದರೂ ತಾಯಿಯ ಮೂಲಕ ಕೇಳುವರು. ಹಟದಲ್ಲಿ ಇಬ್ಬರೂ ಒಂದೇ ಅಚ್ಚು.

ಮಗನಿಗೆ ಇದ್ದದ್ದು ಒಂದೇ ಆಸೆ. ಒಂದು ಸಲವಾದರೂ ಅಪ್ಪ ಬಂದು ತಾನು ಚೆಂಡು ಹೊಡೆಯುವುದನ್ನು ನೋಡಬೇಕು. ನೋಡಿ, ಹೌದಪ್ಪ, ಇದೂ ಒಂದು ಕೆಲಸವೇ ಎನ್ನಬೇಕು. ಊರ ಜನ ಎಷ್ಟು ಚಪ್ಪಾಳೆ ತಟ್ಟಿದರೂ ಅವನ ಹೊಟ್ಟೆ ತುಂಬುತ್ತಿರಲಿಲ್ಲ.

ಆ ವರ್ಷ ವಸಂತದಲ್ಲಿ ಪಂದ್ಯಗಳು ಶುರುವಾದಾಗ ಅವನ ತಂಡವನ್ನು ಮೂಸಿ ನೋಡುವವರಿರಲಿಲ್ಲ. ಸೋತರು, ಮತ್ತೆ ಸೋತರು. ಬೇಸಿಗೆ ಬಂದಂತೆ ಇವನ ಕೈ ಕುದುರಿತು. ಹೊಡೆದರೆ ಚೆಂಡು ಹೋಗಿ ಬೇಲಿಗೆ ಬಡಿಯುತ್ತಿತ್ತು. ತಂಡ ಮೆಲ್ಲಗೆ ಮೇಲೆ ಬಂತು. ಎಲೆ ಉದುರುವ ಹೊತ್ತಿಗೆ ಪೈಪೋಟಿಯಲ್ಲಿ ಉಳಿದದ್ದು ಎರಡೇ ತಂಡ. ಕೊನೆಯ ದಿನ ಅವೆರಡೂ ಎದುರಾಗಬೇಕು, ಗೆದ್ದವರಿಗೆ ಆ ವರ್ಷದ ಪತಾಕೆ.

ಆ ದಿನ ಅಪ್ಪ ಬಂದ. ತಾಯಿ ಅದೇನು ಹೇಳಿ ಒಪ್ಪಿಸಿದಳೋ, ಅವಳಿಗೇ ಗೊತ್ತು. ತನ್ನ ಮದುವೆಗೆ ಹೊಲಿಸಿದ ಕೋಟು ತೊಟ್ಟು, ಆಟದ ತಲೆಬುಡ ತಿಳಿಯದ ಆ ಮನುಷ್ಯ ಜನರ ನಡುವೆ ಕೈಕಟ್ಟಿ ಕೂತ. ಮೈದಾನದಲ್ಲಿದ್ದ ಮಗನಿಗೆ ಅಪ್ಪ ಕಂಡ. ಬ್ಯಾಟು ಹಿಡಿದಾಗಲೆಲ್ಲ ಕಣ್ಣು ಅತ್ತಲೇ ಹೋಗುತ್ತಿತ್ತು. ಅಂದು ಚೆಂಡೆಸೆಯುವವನೂ ಭಾರಿ ಗಟ್ಟಿಗ, ಇವನ ಬ್ಯಾಟಿಗೆ ಚೆಂಡೇ ಸಿಗಲಿಲ್ಲ.

ಆಟದ ನಿಯಮ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ತಲೆ ಕೆರೆದುಕೊಳ್ಳುತ್ತಾ ಕೂರುತ್ತೀಯ. ಆಡುವ ಜಾಗಕ್ಕೆ ನಾಲ್ಕು ಮೂಲೆ. ಚೆಂಡು ಹೊಡೆದವನು ಮೂಲೆಯಿಂದ ಮೂಲೆಗೆ ಓಡಿ, ಹೊರಟಲ್ಲಿಗೇ ಬಂದು ಮುಟ್ಟಿದರೆ ಒಂದು ಅಂಕ. ಹೊರಟ ಆ ಮೂಲೆಗೆ ಅವರು ಮನೆ ಎನ್ನುತ್ತಾರೆ. ಇಷ್ಟು ಸಾಕು.

ತಂಡದ ಕೊನೆಯ ಸರದಿ ಬಂತು. ಅಂಕ ಸಮಸಮ. ಇವನ ಗೆಳೆಯನೊಬ್ಬ ಮೂರನೆಯ ಮೂಲೆಯಲ್ಲಿ ನಿಂತಿದ್ದ, ಇನ್ನೊಂದು ಓಟ ಓಡಿದರೆ ಮನೆ. ಹೊಡೆಯುವ ಪಾಳಿ ಇವನದು. ಆಗ ತಂಡವನ್ನು ಆಡಿಸುವ ಮ್ಯಾನೇಜರ್ ಕೂತಲ್ಲಿಂದಲೇ ಟೋಪಿಯ ಅಂಚು ಮುಟ್ಟಿಕೊಂಡ. ಅದು ಅವರ ಸನ್ನೆ. ಬೀಸಬೇಡ, ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಕಾಲ ಬುಡದಲ್ಲೇ ಉರುಳಿಸು ಎಂದು. ಹಾಗೆ ಮಾಡಿದರೆ ಎದುರಾಳಿಗಳು ಚೆಂಡು ಹೆಕ್ಕಿ ಇವನನ್ನು ಔಟ್ ಮಾಡುತ್ತಾರೆ, ಅಷ್ಟರಲ್ಲಿ ಗೆಳೆಯ ಮನೆ ಸೇರುತ್ತಾನೆ.

ಇವನು ಇಷ್ಟು ವರ್ಷ ಕಾದಿದ್ದು ಈ ದಿನಕ್ಕೆ. ಅಪ್ಪ ಅಲ್ಲೇ ಕೂತಿದ್ದಾನೆ. ಆಟ ತಿಳಿಯದವನ ಕಣ್ಣಿಗೆ ಮಗ ಬಂದ, ಚೆಂಡನ್ನು ಬೀಸಿ ಹೊಡೆಯಲೂ ಆಗದೆ ಹೋದ ಎಂದಷ್ಟೇ ಕಾಣುವುದು. ಸನ್ನೆ ಕಾಣಲಿಲ್ಲ ಎಂದುಬಿಟ್ಟರೆ ಯಾರು ಏನು ಮಾಡಿಯಾರು? ಬೀಸಿದರೆ ಸಿಕ್ಕರೂ ಸಿಕ್ಕೀತು. ಹೀಗೆಲ್ಲ ಯೋಚಿಸುತ್ತಾ ಅವನು ಮೂರನೆಯ ಮೂಲೆಯತ್ತ ನೋಡಿದ. ಗೆಳೆಯನೂ ಸನ್ನೆ ನೋಡಿದ್ದ. ಇವನನ್ನು ನಂಬಿ ಆಗಲೇ ಮೈ ಬಾಗಿಸಿ ಓಡಲು ನಿಂತಿದ್ದ.

ಚೆಂಡು ಬಂತು. ಇವನು ಬ್ಯಾಟು ಅಡ್ಡ ಹಿಡಿದ. ಚೆಂಡು ಹುಲ್ಲಿನ ಮೇಲೆ ಉರುಳಿತು. ಎದುರಾಳಿ ಹೆಕ್ಕಿ ಎಸೆದ, ಇವನು ಔಟಾದ, ಗೆಳೆಯ ಮನೆ ಮುಟ್ಟಿದ. ಆಮೇಲೆ ಬಂದ ತಮ್ಮ ಕೊನೆಯ ಸರದಿಯಲ್ಲಿ ಎದುರಾಳಿಗಳಿಗೆ ಏನೂ ದಕ್ಕಲಿಲ್ಲ. ಪತಾಕೆ ಇವರದಾಯಿತು. ಜನ ಬೇಲಿ ಹಾರಿ ನುಗ್ಗಿ ಮನೆ ಮುಟ್ಟಿದ ಗೆಳೆಯನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಇವನು ಒಂದು ಬದಿಗೆ ಕೂತು ಬ್ಯಾಟು, ಬೂಟು ಎಲ್ಲ ಚೀಲಕ್ಕೆ ತುಂಬುತ್ತಿದ್ದ. ಯಾರೋ ಹತ್ತಿರ ಬಂದು ನಿಂತರು. ತಲೆ ಎತ್ತಿದರೆ ಅಪ್ಪ. ಆ ಗದ್ದಲದಲ್ಲಿ ಜನರನ್ನು ಸರಿಸಿಕೊಂಡು ಬಂದಿದ್ದ.

"ಹೋಗಲಿ ಬಿಡು ಮಗಾ" ಎಂದ ಅಪ್ಪ. ಆ ದನಿ ತನ್ನ ಜೊತೆ ಮಾತಾಡಿದ್ದು ಕೇಳಿ ಮಗನಿಗೆ ವರ್ಷಗಳೇ ಆಗಿದ್ದವು. "ಕೆಲವು ದಿನ ಹಾಗೇ. ಕೈ ಓಡುವುದೇ ಇಲ್ಲ. ಗಣಿಗೆ ಸೇರಿದ ಹೊಸತರಲ್ಲಿ ನಾನು ಮುಟ್ಟಿದ ಕಲ್ಲೆಲ್ಲ ಅಡ್ಡಾದಿಡ್ಡಿ ಒಡೆಯುತ್ತಿತ್ತು. ಬಂಡೆಯ ಮರೆಯಲ್ಲಿ ಕೂತು ಅತ್ತಿದ್ದೇನೆ. ನಿನ್ನ ತಾಯಿಗೂ ಹೇಳಿಲ್ಲ."

ಮಗ ಅಪ್ಪನ ಮುಖವನ್ನೇ ನೋಡಿದ. ಅಪ್ಪಾ, ಇದು ಸೋಲಲ್ಲ, ಗೆಲ್ಲಿಸಿದ್ದೇ ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಹೌದಪ್ಪ, ಇವತ್ತು ಆಗಲಿಲ್ಲ" ಎಂದ.

ಅಪ್ಪ ಚೀಲವನ್ನು ಮಗನ ಕೈಯಿಂದ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಮನೆಯಲ್ಲಿ ಅಡಿಗೆ ಆಗಿರುತ್ತದೆ, ನಡೆ ಎಂದ. ಇಬ್ಬರೂ ಮಾತಾಡುತ್ತಾ ರೈಲು ನಿಲ್ದಾಣದ ಕಡೆ ಹೋದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ. "ಒಂದು ಮಾತು ಹೇಳಿದ್ದರೆ ಅಪ್ಪನಿಗೆ ಮಗನ ದೊಡ್ಡತನ ಗೊತ್ತಾಗುತ್ತಿತ್ತಲ್ಲ ಬುದ್ಧಿ. ಯಾಕೆ ಹೇಳಲಿಲ್ಲ ಅವನು?"

ಸ್ವಾಮಿಗಳು ಹೇಳಿದರು: "ಗೆದ್ದವನನ್ನು ಹೊರುವುದಕ್ಕೆ ಊರೇ ಇತ್ತು, ಸೋತವನ ಚೀಲ ಹೊರುವುದಕ್ಕೆ ಅಪ್ಪ ಬಂದಿದ್ದ, ಅದನ್ನು ಇಳಿಸಪ್ಪ ಅನ್ನುವುದಕ್ಕೆ ನಿನಗಾದರೂ ಬಾಯಿ ಬರುತ್ತಿತ್ತೇನು ಮರಿ?"