ಕಾಯುವ ಸಾಲು, ಹೇಳುವ ಸಾಲು

“ಗುರುಗಳೇ, ಉತ್ತರವೇ ಬಾರದ ಕಡೆಗೆ ಮುಖ ಮಾಡಿ ಮನುಷ್ಯ ಎಷ್ಟು ಕಾಲ ಕಾಯಬೇಕು?” ಎಂದು ಶಿಷ್ಯ ಕೇಳಿದ.

ಅವನ ಹೆಸರು ಸಂಗನಬಸವ. ಮನೆ ಬಿಟ್ಟು ಮಠಕ್ಕೆ ಓದಲು ಬಂದವನು. ಅದಕ್ಕೆ ಅವನ ತಂದೆಯ ಒಪ್ಪಿಗೆಯಿರಲಿಲ್ಲ. ಬಂದಾಗಿನಿಂದ ಅವನು ತಂದೆಗೆ ಪತ್ರ ಬರೆಯುತ್ತಲೇ ಇದ್ದ. ತಂದೆ ಒಂದಕ್ಕೂ ಉತ್ತರ ಬರೆದಿರಲಿಲ್ಲ. ಇನ್ನು ಬರೆಯುವುದಿಲ್ಲ, ಆ ಮನೆಯ ಋಣ ಹರಿಯಿತೆಂದು ತಿಳಿದುಕೊಳ್ಳುತ್ತೇನೆ, ಅದಕ್ಕೆ ತಮ್ಮ ಅಪ್ಪಣೆ ಬೇಕು ಎಂದ.

ಅಪ್ಪಣೆಯ ಮಾತು ಆಮೇಲೆ, ಮೊದಲು ಒಂದು ಕತೆ ಕೇಳು ಎಂದರು ಗುರುಗಳು. ಈ ಕತೆಯಲ್ಲಿ ರಾಜನಿಲ್ಲ, ಹುಲಿಯಿಲ್ಲ, ಕಂಪ್ಯೂಟರ್ ಇದೆ, ಅದಕ್ಕಾಗಿ ಮುಖ ಹಾಗೆ ಮಾಡಬೇಡ ಎಂದೂ ಹೇಳಿ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹಾರ್ಮೋನಿಯಂ ರಿಪೇರಿಯವನಿದ್ದ. ಇಂಟರ್ನೆಟ್ ಫೋನಿನ ತಂತಿಯೊಳಗಿಂದ ಬರುತ್ತಿದ್ದ ಕಾಲವದು. ಆ ಊರಿನ ಶಾಲೆಯಲ್ಲಿ ಕಾಲಿನಿಂದ ತುಳಿದು ನುಡಿಸುವ ಹಳೆಯ ವಿಲಾಯಿತಿ ಹಾರ್ಮೋನಿಯಂ ಒಂದು ಮೂಕವಾಗಿ ಬಿದ್ದಿತ್ತು. ಅದನ್ನು ಗುಜರಿಗೆ ಹಾಕಲು ಹೊರಟಿದ್ದರು. ಇವನು ಅಡ್ಡ ಹೋಗಿ, ನನಗೆ ಕೊಡಿ, ವಾರ್ಷಿಕೋತ್ಸವದ ಹೊತ್ತಿಗೆ ಹಾಡಿಸಿ ಕೊಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟ. ಕೈಯ ಮೇಲೆ ಅವನಿಗೆ ಅಷ್ಟು ಭರವಸೆ.

ಅಂಗಡಿಗೆ ತಂದು ನೋಡಿದರೆ ಸ್ವರಗಳಿರುವ ಒಳಪೆಟ್ಟಿಗೆಯನ್ನು ತೆರೆಯುವ ಬಗೆಯೇ ತಿಳಿಯಲಿಲ್ಲ. ಸ್ಕ್ರೂ ಕಾಣದು, ಕೀಲು ಕಾಣದು. ಬಲ ಹಾಕಿದರೆ ಹಳೆಯ ಮರ ಸೀಳುತ್ತದೆ. ಇದನ್ನು ಮಾಡಿದವನು ಏನು ಯೋಚಿಸಿರಬಹುದು ಎಂದು ಅವನು ಊಟ ಮಾಡುವಾಗಲೂ ಅದರ ಸುತ್ತಲೇ ತಿರುಗುತ್ತಿದ್ದ. ಕಾಲೇಜಿನ ಮೇಷ್ಟರೊಬ್ಬರು ಅವನ ಗಿರಾಕಿ. ಇಂಥ ವಾದ್ಯಗಳ ಹುಚ್ಚು ಹತ್ತಿದವರು ಹೊರದೇಶಗಳಲ್ಲಿದ್ದಾರೆ, ಇಂಟರ್ನೆಟ್ಟಿನಲ್ಲಿ ಕೇಳಿದರೆ ಹೇಳುತ್ತಾರೆ ಎಂದ ಅವರು ತಮ್ಮ ಹಳೆಯ ಕಂಪ್ಯೂಟರನ್ನೂ ಅದನ್ನು ಫೋನಿನ ತಂತಿಗೆ ಜೋಡಿಸುವ ಮೋಡೆಮನ್ನೂ ಅವನಿಗೆ ಕೊಟ್ಟು, ವರ್ಗವಾಗಿ ಬೇರೆ ಊರಿಗೆ ಹೋದರು.

ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಅದು ಯಾವ ಒಬ್ಬ ಯಜಮಾನನದೂ ಅಲ್ಲ. ಎಷ್ಟೋ ಜನ ಸೇರಿ ಮಾಡಿದ್ದು. ಬೇಕಾದವರು ಒಳಗೆಲ್ಲ ಬಿಚ್ಚಿ ನೋಡಬಹುದು, ತಿದ್ದಬಹುದು. ರಿಪೇರಿಯವನಿಗೆ ಇದು ಬಹಳ ಹಿಡಿಸಿತು. ಮುಚ್ಚಳ ತೆಗೆಯಲು ಬಿಡದ ಯಂತ್ರವನ್ನು ಅವನು ಎಂದೂ ನಂಬಿದವನಲ್ಲ.

ಆದರೆ ಬಿಚ್ಚಲು ಬಿಡುವ ಯಂತ್ರ ಜೋಡಿಸುವ ಕೆಲಸವನ್ನೂ ನಿನಗೇ ಬಿಡುತ್ತದೆ. ಫೋನಿನಲ್ಲಿ ಆ ಕಡೆಯ ಇಂಟರ್ನೆಟ್ ಕಂಪನಿಯವರ ಜೊತೆ ಏನು ಮಾತಾಡಬೇಕೆಂದು ಅದಕ್ಕೆ ಬರೆದುಕೊಡಬೇಕು. ಬರೆಯುವುದು ಜೋಡಿ ಜೋಡಿಯಾಗಿ. ಮೊದಲು ಕಾಯುವ ಸಾಲು: ಆ ಕಡೆಯಿಂದ ಇಂಥ ಮಾತು ಬರಲಿ. ಆಮೇಲೆ ಹೇಳುವ ಸಾಲು: ಬಂದರೆ ಹೀಗೆ ಹೇಳು. ಮೇಷ್ಟರು ತಮಗಾಗಿ ಬರೆದುಕೊಂಡಿದ್ದ ಸಾಲುಗಳು ಅದರಲ್ಲಿಯೇ ಇದ್ದವು. ಇವನು ತಾನು ಹಣ ಕಟ್ಟಿದ್ದ ಕಂಪನಿಯ ಫೋನ್ ನಂಬರು, ತನ್ನ ಹೆಸರು, ಗುಟ್ಟಿನ ಪದ ಇಷ್ಟನ್ನು ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟ. ಓದಿದವರು ಬರೆದದ್ದು, ಅದಕ್ಕೆ ಕೈ ಹಚ್ಚುವುದೇಕೆ ಎಂದುಕೊಂಡ.

ಮೋಡೆಮ್ ನಂಬರು ಒತ್ತಿತು. ಕಿರುಚಿತು. ಆ ಕಡೆಯದು ಇನ್ನೂ ಮೇಲಿನ ಸ್ವರದಲ್ಲಿ ಮಾರುತ್ತರ ಕೊಟ್ಟಿತು. ಎರಡೂ ಕೂಡಿ ಗೊರಗೊರ ಎಂದು ಸುಮ್ಮನಾದವು. ಶ್ರುತಿ ಕೂಡಿತು ಎಂದು ಇವನು ತಲೆದೂಗಿದ. ಸ್ವಲ್ಪ ಹೊತ್ತಿಗೆ ಸಂಪರ್ಕ ಕಡಿಯಿತು. ಮತ್ತೆ ಮಾಡಿದ, ಮತ್ತೆ ಕಡಿಯಿತು. ತಂತಿ ಬದಲಿಸಿದ. ಪಿನ್ನು ಉಜ್ಜಿದ. ಯಾರೂ ಫೋನ್ ಮುಟ್ಟಬಾರದೆಂದು ಮನೆಯಲ್ಲಿ ತಾಕೀತು ಮಾಡಿದ. ಹೆಂಡತಿಗೆ ತವರಿನವರ ಫೋನ್ ಬಾರದಂತಾಗಿ, ಆ ಮನೆಯಲ್ಲಿ ಇನ್ನೊಂದು ಸಂಪರ್ಕವೂ ಕಡಿಯಿತು. ಇತ್ತ ಶಾಲೆಯಿಂದ, ಆಗದಿದ್ದರೆ ಹೇಳಿಬಿಡಿ, ಶನಿವಾರ ಗುಜರಿಯವನು ಬರುತ್ತಾನೆ ಎಂದು ಹೇಳಿಕಳಿಸಿದರು. ಅವನಿಗೆ ಅನ್ನ ಸೇರದಾಯಿತು.

ಕೊನೆಗೆ ಬಸ್ಸು ಹತ್ತಿ, ಪೇಟೆಯಲ್ಲಿದ್ದ ಇಂಟರ್ನೆಟ್ ಆಫೀಸಿಗೇ ಹೋದ.

“ಅಲ್ರೀ ಸಾಹೇಬ್ರ, ದಿನಾ ಫೋನ್ ಎತ್ತತೀರಿ, ಒಂದು ಮಾತೂ ಆಡದಽ ಇಟ್ಟುಬಿಡತೀರಿ. ಇದ್ಯಾವ ರೀತೀರಿ?” ಎಂದ.

ಆಫೀಸಿನವನು ತನ್ನ ಕಡೆಯ ಯಂತ್ರ ನೋಡಿ ಬಂದು, “ನೀವು ಯಾರು ಅಂತ ನಾವು ದಿನಾ ಕೇಳಾಕತ್ತೇವ್ರೀ. ಬಾಯಿ ಬಿಡದಾವ್ರು ನೀವಽ” ಎಂದ.

ಇವನು ಅವನನ್ನು ಸುಳ್ಳುಗಾರ ಎಂದುಕೊಂಡು ಎದ್ದ. ಅವನು ಇವನನ್ನು ತಲೆಕೆಟ್ಟವನು ಎಂದುಕೊಂಡು ಕಳಿಸಿದ. ನಾನಾಗಿದ್ದರೆ ಅಲ್ಲಿಗೇ ಕೈತೊಳೆದುಕೊಂಡು ಬಿಡುತ್ತಿದ್ದೆ. ಆದರೆ ಕುತೂಹಲ ಸಿಟ್ಟಿಗಿಂತ ಹೆಚ್ಚು ಬಾಳಿಕೆ ಬರುತ್ತದೆ. ಬಸ್ಸಿನಲ್ಲಿ ಸಿಟ್ಟು ಇಳಿಯುತ್ತ ಬಂದ ಹಾಗೆ, ಆಫೀಸಿನವನು ಕೇಳಿದ್ದು ನಿಜವಾದರೆ ಆ ಮಾತು ಹೋದದ್ದಾದರೂ ಎಲ್ಲಿಗೆ ಎಂಬ ಯೋಚನೆ ಹತ್ತಿತು.

ಮನೆಗೆ ಬಂದವನು ಮೇಷ್ಟರ ಸಾಲುಗಳನ್ನೆಲ್ಲ ಬದಿಗಿಟ್ಟ. ಯಂತ್ರದ ಪರವಾಗಿ ತಾನೇ ಕೂತು, ಆ ಕಡೆಯಿಂದ ಬಂದದ್ದನ್ನು ಕಣ್ಣಾರೆ ನೋಡುವ ದಾರಿಯೂ ಲಿನಕ್ಸಿನಲ್ಲಿದೆ. ಹಾಗೆ ಮಾಡಿದ. ಕಿರುಚಾಟ ಮುಗಿಯಿತು. ಕೈಕಟ್ಟಿ ಕೂತ. ಕಪ್ಪು ಪರದೆಯ ಮೇಲೆ ಒಂದು ಮಾತು ಮೂಡಿತು: ಯೂಸರ್‌ನೇಮ್.

ಮೇಷ್ಟರ ಕಾಯುವ ಸಾಲಿನಲ್ಲಿ ಇದ್ದದ್ದು ಲಾಗಿನ್ ಎಂಬ ಮಾತು. ಎರಡೂ ಕೇಳುವುದು ಒಂದೇ, ನೀನು ಯಾರು ಎಂದು. ಮೇಷ್ಟರು ಕರೆಯುತ್ತಿದ್ದ ಕಂಪನಿ ಹಾಗೆ ಕೇಳುತ್ತಿತ್ತು, ಇವನದು ಹೀಗೆ ಕೇಳುತ್ತಿತ್ತು. ಆದರೆ ಲಾಗಿನ್ ಎಂಬುದು ಬರುವವರೆಗೆ ಬಾಯಿ ತೆರೆಯಬೇಡ ಎಂದು ಯಂತ್ರಕ್ಕೆ ಕಲಿಸಿಯಾಗಿತ್ತು. ಪ್ರಶ್ನೆ ಪ್ರತಿ ಸಲವೂ ಬಂದಿತ್ತು. ಪ್ರತಿ ಸಲವೂ ಅದರ ಬಳಿಯಿದ್ದ ಉತ್ತರ ಅದರ ಬಳಿಯೇ ಉಳಿದಿತ್ತು. ಆ ಕಡೆಯವರು ಕಾದರು, ಸಾಕಾಗಿ ಇಟ್ಟರು. ಇವನು ಅವರನ್ನು ಬೈದ.

ಅವನಿಗೆ ನಾಚಿಕೆಯಾಯಿತು. ಒಬ್ಬನೇ ನಕ್ಕ. ಆ ಒಂದು ಪದವನ್ನು ಬದಲಿಸಿದ. ಸಂಪರ್ಕ ಕಡಿಯದೆ ನಿಂತಿತು. ಹಾರ್ಮೋನಿಯಂ ಹುಚ್ಚಿನವರಿಗೆ ತನ್ನ ಪ್ರಶ್ನೆ ಕಳಿಸಿದ. ಯಾವುದೋ ಚಳಿದೇಶದ ಮುದುಕಿಯೊಬ್ಬಳು ಉತ್ತರ ಬರೆದಳು: ಪೆಟ್ಟಿಗೆಯನ್ನು ಮಗುಚಿ ನೋಡಿ, ತಳಕ್ಕೆ ಅಂಟಿಸಿದ ಬಟ್ಟೆಯ ಕೆಳಗೆ ಸ್ಕ್ರೂಗಳಿವೆ. ವಾರ್ಷಿಕೋತ್ಸವದಲ್ಲಿ ಮಕ್ಕಳು ಅದನ್ನು ನುಡಿಸಿಕೊಂಡು ಹಾಡಿದರು. ಒಂದು ಸ್ವರ ಸ್ವಲ್ಪ ಇಳಿದಿತ್ತು. ಅದು ಅವನೊಬ್ಬನಿಗೇ ಗೊತ್ತಾದದ್ದು.

ಗುರುಗಳು ಕತೆ ನಿಲ್ಲಿಸಿ ಪಂಚಪಾತ್ರೆಯ ನೀರು ಕುಡಿದರು.

ಸಂಗನಬಸವ, ಕತೆ ಚೆನ್ನಾಗಿದೆ, ಆದರೆ ಅದು ತನಗೆ ಒಪ್ಪುವುದಿಲ್ಲ ಎಂದ. ಆ ರಿಪೇರಿಯವನಿಗೆ ಆ ಕಡೆಯಿಂದ ದಿನವೂ ಒಂದು ಮಾತು ಬರುತ್ತಿತ್ತು, ಅವನ ಯಂತ್ರಕ್ಕೆ ಅದು ತಿಳಿಯಲಿಲ್ಲ ಅಷ್ಟೆ. ನನ್ನ ತಂದೆಯ ಕಡೆಯಿಂದ ಹಾಗೇನಾದರೂ ಬಂದಿದ್ದರೆ ನಾನು ಗುರುತಿಸದೆ ಇರುತ್ತಿದ್ದೆನೆ ಎಂದು ಕೇಳಿದ. ಅವನ ಕಣ್ಣು ತುಂಬಿತ್ತು.

“ನೀನು ಬಂದ ತಿಂಗಳಿನಿಂದ ನಿಮ್ಮಪ್ಪ ನಮ್ಮ ಅಡುಗೆಮನೆಯ ಹಿಂಬಾಗಿಲಿಗೆ ತಿಂಗಳು ತಿಂಗಳೂ ಒಂದು ಡಬ್ಬಿ ತುಪ್ಪ ತಂದುಕೊಟ್ಟು ಹೋಗುತ್ತಿದ್ದಾನೆ, ದಿನಾ ಅದನ್ನೇ ಅನ್ನಕ್ಕೆ ಕಲಸಿ ಉಂಡ ನೀನು, ಇದು ಎಲ್ಲಿಂದ ಬಂತು ಎಂದು ಇವತ್ತಿನವರೆಗೆ ಕೇಳಲಿಲ್ಲ” ಎಂದರು ಗುರುಗಳು.